ಅಳಿಯನಿಗೆ ಹೊಲಿದ ಮುಸುಕು

ನಾಲ್ಕು ವರ್ಷ ರೋಬೋಟ್ ಓದಿದ ಹುಡುಗಿ ಒಂದು ಸಲವೂ ರೋಬೋಟ್ ಮುಟ್ಟಿರಲಿಲ್ಲ ಎಂದರೆ ಕೇಳಿದವರು ನಗುತ್ತಾರೆ. ಈಜು ಕಲಿಸುವವರೇ ಕೊಳಕ್ಕೆ ಬೀಗ ಜಡಿದ ಹಾಗಾಯಿತಲ್ಲ ಎನ್ನುತ್ತಾರೆ. ನಗುವವರು ನಗಲಿ. ಕಿಡಿಗೆ ನಗು ಬರುತ್ತಿರಲಿಲ್ಲ, ಮೈಯೆಲ್ಲ ಉರಿಯುತ್ತಿತ್ತು.

ಕಿಡಿ ಎನ್ನುವುದು ಜೊತೆಯವರು ಇಟ್ಟ ಹೆಸರು. ಮೊದಲ ವರ್ಷ ಎಲೆಕ್ಟ್ರಿಕಲ್ ಲ್ಯಾಬಿನಲ್ಲಿ ಅವಳು ತಂತಿ ಜೋಡಿಸಿ ಸ್ವಿಚ್ ಒತ್ತಿದಾಗ ಫಟ್ ಎಂದು ಕಿಡಿ ಹಾರಿ ಇಡೀ ಮಹಡಿಯ ಕರೆಂಟ್ ಹೋಗಿತ್ತು. ಬೇರೆಯವರಾಗಿದ್ದರೆ ತಲೆ ತಗ್ಗಿಸಿ ನಿಲ್ಲುತ್ತಿದ್ದರು. ಇವಳು ಸೊಂಟಕ್ಕೆ ಕೈ ಕೊಟ್ಟು, ಬೋರ್ಡಿನ ಮೇಲೆ ಚೀಟಿ ಅಂಟಿಸಿದವರು ಯಾರು, ಅವರನ್ನು ಕರೆಯಿರಿ ಎಂದು ಜಗಳಕ್ಕೆ ನಿಂತಳು. ಚೀಟಿಗಳು ನಿಜಕ್ಕೂ ಅದಲುಬದಲಾಗಿದ್ದವು. ತಪ್ಪಾಯಿತು ಎಂದು ಯಾರೂ ಹೇಳಲಿಲ್ಲ, ಹೆಸರು ಮಾತ್ರ ಅವಳಿಗೆ ಅಂಟಿಕೊಂಡಿತು.

ಅವಳು ಓದುತ್ತಿದ್ದದ್ದು ವಿಶ್ವವಿದ್ಯಾಲಯದ ಮೆಕಟ್ರಾನಿಕ್ಸ್ ಮತ್ತು ರೋಬೋಟಿಕ್ಸ್ ವಿಭಾಗದಲ್ಲಿ. ಮೂರನೇ ಮಹಡಿ, ಪಡಸಾಲೆಯ ಕೊನೆಯಲ್ಲಿ ಗಾಜಿನ ಗೋಡೆಯ ಒಂದು ಕೋಣೆ. ಅದರೊಳಗೆ ಕಬ್ಬಿಣದ ಪೀಠದ ಮೇಲೆ, ಆರು ಕೀಲುಗಳ, ನಿಂತರೆ ಆಳೆತ್ತರ ಬರುವ ಹಳದಿ ಬಣ್ಣದ ರೋಬೋಟ್ ತೋಳು. ಹಳದಿ ಬಣ್ಣ ಎಂಬುದು ಹೆಚ್ಚಿನವರಿಗೆ ಪುಸ್ತಕದ ಚಿತ್ರ ನೋಡಿ ಗೊತ್ತು, ಏಕೆಂದರೆ ಅದರ ಮೇಲೆ ಸದಾ ಬೂದುನೀಲಿ ಬಟ್ಟೆಯ ಮುಸುಕು. ಕೋಣೆಗೆ ಒಂದು ಬೀಗ, ಯಂತ್ರದ ಪೆಟ್ಟಿಗೆಗೆ ಇನ್ನೊಂದು. ಹುಡುಗರು ಅದಕ್ಕೆ ಅಳಿಯ ಎಂದು ಹೆಸರಿಟ್ಟಿದ್ದರು. ಮನೆಯವರೆಲ್ಲ ಸುತ್ತ ಓಡಾಡಿ ಉಪಚಾರ ಮಾಡಬೇಕು, ಧೂಳು ಬೀಳದ ಹಾಗೆ ನೋಡಿಕೊಳ್ಳಬೇಕು, ಕೆಲಸ ಮಾತ್ರ ಹೇಳುವ ಹಾಗಿಲ್ಲ.

ವಾರಕ್ಕೊಮ್ಮೆ ವೇಳಾಪಟ್ಟಿಯಲ್ಲಿ 'ರೋಬೋಟ್ ಲ್ಯಾಬ್' ಎಂದಿರುತ್ತಿತ್ತು. ಎಂದರೆ ಗಾಜಿನ ಕೋಣೆಯ ಹೊರಗೆ ಸ್ಟೂಲುಗಳ ಮೇಲೆ ಕೂತು ಕಂಪ್ಯೂಟರ್ ಪರದೆಯ ಮೇಲೆ ತೋಳಿನ ಚಿತ್ರವನ್ನು ಅತ್ತಿತ್ತ ಆಡಿಸುವುದು. ಅದರ ಹೆಸರು ಸಿಮ್ಯುಲೇಷನ್. ಪರದೆಯ ತೋಳು ಒಂದು ಸಲವೂ ತಪ್ಪುತ್ತಿರಲಿಲ್ಲ. ತಪ್ಪುವುದಾದರೂ ಹೇಗೆ? ಅದಕ್ಕೆ ತೂಕವಿಲ್ಲ, ಜಂಗು ಹಿಡಿಯುವುದಿಲ್ಲ, ಅದರ ಟೇಬಲ್ಲಿನ ಕಾಲು ಕುಂಟುವುದಿಲ್ಲ. ಎಲ್ಲರಿಗೂ ಒಳ್ಳೆಯ ಅಂಕ ಬರುತ್ತಿತ್ತು. ಬಂದ ಅಂಕ ನೋಡಿ ಕಿಡಿಗೆ ಇನ್ನಷ್ಟು ಸಿಟ್ಟು ಬರುತ್ತಿತ್ತು.

ಬೀಗದ ಕೈಗಳಿದ್ದದ್ದು ಲ್ಯಾಬ್ ಮೇಷ್ಟ್ರ ಸೊಂಟದಲ್ಲಿ. ಅದಕ್ಕೇ ಅವರಿಗೆ ಬೀಗದ ಮೇಷ್ಟ್ರು ಎಂದೇ ಹೆಸರು. ಕೆಟ್ಟ ಮನುಷ್ಯರಲ್ಲ. ಬೋರ್ಡಿನ ಮೇಲೆ ಲೆಕ್ಕ ಬಿಡಿಸುತ್ತಾ ನಿಂತರೆ ತೋಳಿನ ಒಂದೊಂದು ಕೀಲೂ ಕಣ್ಣಿಗೆ ಕಟ್ಟುವ ಹಾಗೆ ಹೇಳುತ್ತಿದ್ದರು. ಆದರೆ ಗಾಜಿನ ಕೋಣೆಯ ಮಾತೆತ್ತಿದರೆ ಸಾಕು, ಕೈ ತಾನಾಗಿ ಸೊಂಟದ ಗೊಂಚಲಿನ ಮೇಲೆ ಹೋಗಿ ಕೂರುತ್ತಿತ್ತು. "ನೋಡೋಣ" ಎನ್ನುತ್ತಿದ್ದರು. ಹಿಂದಿನ ಬ್ಯಾಚಿನವರೂ ಅದೇ 'ನೋಡೋಣ' ಕೇಳಿಕೊಂಡು ಡಿಗ್ರಿ ಹಿಡಿದು ಮನೆಗೆ ಹೋಗಿದ್ದರು.

ಎಲ್ಲಕ್ಕಿಂತ ಹೊಟ್ಟೆ ಉರಿಸುವ ಸಂಗತಿ ಬೇರೆಯೇ ಇತ್ತು. ಆ ಮುಸುಕು ಹೊಲಿದವಳು ಕಿಡಿಯ ಅಮ್ಮ.

ಅಮ್ಮ ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಅಂಗಡಿ ಇಟ್ಟುಕೊಂಡವಳು. ಶಾಲೆ ಮಕ್ಕಳ ಬಟ್ಟೆ, ಕಿಟಕಿ ಪರದೆ, ಸೋಫಾದ ಗವಸು, ಏನು ಕೊಟ್ಟರೂ ಹೊಲಿಯುತ್ತಿದ್ದಳು, ಹೊಲಿಯುವಾಗ ಇಡೀ ಬೀದಿಗೆ ಕೇಳುವ ಹಾಗೆ ಮಾತಾಡುತ್ತಿದ್ದಳು. ಮೊದಲ ವರ್ಷ ಮೇಷ್ಟ್ರು ಕ್ಲಾಸಿನಲ್ಲಿ, "ತೋಳಿನ ಹಳೇ ಪ್ಲಾಸ್ಟಿಕ್ ಹರಿದುಹೋಗಿದೆ, ಯಾರಿಗಾದ್ರೂ ಟೈಲರ್ ಗೊತ್ತಾ?" ಎಂದಾಗ ಕಿಡಿ ಹೆಮ್ಮೆಯಿಂದ ಕೈಯೆತ್ತಿದ್ದಳು. ಅಮ್ಮ ಟೇಪು ಕೊರಳಿಗೆ ಹಾಕಿಕೊಂಡು ಬಂದಳು. ಮಡಚಿ ಕೂತಿದ್ದ ತೋಳಿನ ಭುಜ, ಮೊಣಕೈ, ಮಣಿಕಟ್ಟು ಎಲ್ಲವನ್ನೂ ತಬ್ಬಿ ತಬ್ಬಿ ಅಳೆದಳು. "ನಿಮ್ಮ ಹುಡುಗ ತುಂಬಾ ಸಣ್ಣಗಿದಾನೆ ಸಾರ್, ಊಟ ಗೀಟ ಹಾಕ್ತೀರೋ ಇಲ್ವೋ" ಎಂದು ಅದರ ಬೆನ್ನು ತಟ್ಟಿದಳು. ಕಿಡಿ ಗಾಜಿನ ಹೊರಗೆ ಗುಂಡುಸೂಜಿಯ ದಿಂಬು ಹಿಡಿದು ನಿಂತಿದ್ದಳು. ಹೊಲಿದ ಮುಸುಕನ್ನು ಅಮ್ಮ ಸುಮ್ಮನೆ ಕೊಟ್ಟಳು, ಮಗಳು ಓದುವ ಜಾಗ ಎಂದು. ಹೀಗೆ ರೋಬೋಟ್ ಎಂದರೇನು ಎಂದು ತಿಳಿಯದ ಅಮ್ಮ ಅದನ್ನು ಅಡಿಯಿಂದ ಮುಡಿಯವರೆಗೆ ಮುಟ್ಟಿದ್ದಳು, ಅದನ್ನೇ ಓದುವ ಮಗಳು ಮುಟ್ಟಿರಲಿಲ್ಲ.

ಕೊನೆಯ ವರ್ಷಕ್ಕೆ ಎಲ್ಲರೂ ಒಂದು ಪ್ರಾಜೆಕ್ಟ್ ಮಾಡಬೇಕು. ಕಿಡಿ ಆರಿಸಿಕೊಂಡದ್ದು ಅಮ್ಮನ ಅಂಗಡಿಯಿಂದ ಬಂದ ವಿಷಯ. ಕತ್ತರಿಸಿದ ಬಟ್ಟೆಯ ಅಟ್ಟಿಯಿಂದ ಒಂದೇ ಒಂದು ಪದರವನ್ನು ಎತ್ತುವುದು ಯಂತ್ರಕ್ಕೆ ದೊಡ್ಡ ತಲೆನೋವು. ಬಟ್ಟೆ ಬಟ್ಟೆಗೆ ಅಂಟಿಕೊಳ್ಳುತ್ತದೆ, ಒಂದನ್ನು ಎಳೆದರೆ ನಾಲ್ಕು ಬರುತ್ತವೆ. ಅಮ್ಮ ಬೆರಳನ್ನು ನಾಲಿಗೆಗೆ ಮುಟ್ಟಿಸಿ ಸರಕ್ಕನೆ ಒಂದನ್ನೇ ಬಿಡಿಸುತ್ತಿದ್ದಳು. ಆ ಬೆರಳಿನ ಕೆಲಸ ಮಾಡುವ ಯಂತ್ರದ ಬೆರಳೊಂದನ್ನು ಕಿಡಿ ಮಾಡಿದಳು. ರಬ್ಬರ್ ಹೊದೆಸಿದ ಪುಟ್ಟ ಉರುಳೆ, ಅದನ್ನು ತಿರುಗಿಸುವ ಮೋಟಾರು, ಬಟ್ಟೆಯ ಅಂಚನ್ನು ಸುರುಳಿ ಸುತ್ತಿ ಹಿಡಿಯುವ ಒಂದು ನಾಲಿಗೆ. ಅದನ್ನು ನಿಜವಾದ ತೋಳಿಗೆ ಸಿಕ್ಕಿಸಿ ಒಂದು ಸಲ ಓಡಿಸಿ ನೋಡಬೇಕು. ಕೇಳಿದ್ದು ಅಷ್ಟೇ.

ಅದರ ಮೇಲೆ ಒಂದು ಕೆಲಸವೂ ನಿಂತಿತ್ತು. ಸಿದ್ಧ ಉಡುಪಿನ ಯಂತ್ರ ಮಾಡುವ ಕಂಪನಿಯವರು ಸಂದರ್ಶನಕ್ಕೆ ಬಂದಿದ್ದರು. "ಓಡ್ತಾ ಇರೋ ತೋಳು ಮಧ್ಯದಲ್ಲಿ ನಿಂತುಬಿಟ್ರೆ ಮೊದಲು ಏನು ಮಾಡ್ತೀರಿ?" ಎಂದು ಕೇಳಿದರು. ಕಿಡಿ ಪುಸ್ತಕದಲ್ಲಿದ್ದದ್ದನ್ನೆಲ್ಲ ಸರಸರನೆ ಹೇಳಿದಳು. "ಸರಿ. ನೀವೇ ಯಾವಾಗ್ಲಾದ್ರೂ ಮಾಡಿದೀರಾ?" ಎಂದರು. ಇಲ್ಲ ಎಂದಳು. ಎದುರಿಗಿದ್ದ ಹೆಂಗಸು ಸಣ್ಣಗೆ ನಕ್ಕು, "ನಿಮ್ಮ ಈ ಬೆರಳು ನಿಜವಾದ ತೋಳಿನ ಮೇಲೆ ಓಡೋ ವಿಡಿಯೋ ಕಳ್ಸಿ, ಪರೀಕ್ಷೆ ಮುಗಿಯೋದ್ರೊಳಗೆ. ಆಮೇಲೆ ಮಾತಾಡೋಣ" ಎಂದಳು. ಆ ನಗು ಕಿಡಿಯ ತಲೆಯಿಂದ ಹೋಗಲೇ ಇಲ್ಲ.

ಮೇಷ್ಟ್ರ ಹಿಂದೆ ಬಿದ್ದಳು. ಕ್ಲಾಸ್ ಮುಗಿದ ಮೇಲೆ, ಮೆಟ್ಟಿಲ ಮೇಲೆ, ಗಾಡಿ ನಿಲ್ಲಿಸುವ ಜಾಗದಲ್ಲಿ, ಎಲ್ಲಿ ಸಿಕ್ಕರೆ ಅಲ್ಲಿ.

"ಸರ್, ಒಂದೇ ಒಂದು ಗಂಟೆ."

"ನೋಡೋಣಮ್ಮ."

"ಯಾವಾಗ ಸರ್ ನೋಡೋದು? ನಾನು ಅಜ್ಜಿ ಆದ್ಮೇಲಾ?"

"ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಯಾರಮ್ಮ ಹೊಣೆ? ಸಿಮ್ಯುಲೇಷನ್ ಚೆನ್ನಾಗಿ ಬಂದಿದೆಯಲ್ಲ, ಸಾಕು ಬಿಡು."

ಸಾಕಂತೆ! ಹೊಟ್ಟೆ ಹಸಿದವರಿಗೆ ಊಟದ ಫೋಟೋ ತೋರಿಸಿ ಸಾಕು ಎಂದರೆ ಆಗುತ್ತದೆಯೇ?

ಇಂಥ ಹೊತ್ತಿನಲ್ಲೇ ಹೊರಗಿನಿಂದ ತಪಾಸಣೆಯ ಸಮಿತಿ ಬರುತ್ತದೆಂದು ಸುದ್ದಿಯಾಯಿತು. ವಿಭಾಗಕ್ಕೆ ಯಾವ ದರ್ಜೆ ಕೊಡಬೇಕು ಎಂದು ತೀರ್ಮಾನಿಸುವವರು ಅವರು. ಒಮ್ಮಿಂದೊಮ್ಮೆಲೆ ಗೋಡೆಗೆ ಬಣ್ಣ ಬಂತು, ಕೆಟ್ಟ ಫ್ಯಾನು ತಿರುಗಿತು, ಶೌಚಾಲಯಕ್ಕೆ ಚಿಲಕ ಬಂತು. ವರ್ಷಗಟ್ಟಲೆ ಇಲ್ಲದ್ದೆಲ್ಲ ಎರಡು ದಿನದಲ್ಲಿ ಆಯಿತು. ಮಾಡಲು ಬರುತ್ತಿತ್ತು, ಮಾಡುತ್ತಿರಲಿಲ್ಲ ಅಷ್ಟೆ, ಎಂದು ಕಿಡಿ ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದಳು.

ಸಮಿತಿ ಬಂದಾಗ ಮಾತ್ರ ಅಳಿಯನ ಮುಸುಕು ತೆಗೆಯುವುದು ವಾಡಿಕೆ. ಮೇಷ್ಟ್ರು ಹಸಿರು ಗುಂಡಿ ಒತ್ತುತ್ತಾರೆ. ತೋಳು ಎದ್ದು, ಟೇಬಲ್ಲಿನ ಮೇಲಿರುವ ಮರದ ತುಂಡನ್ನು ಎಡಗಡೆಯಿಂದ ಎತ್ತಿ ಬಲಗಡೆ ಇಟ್ಟು, ಮತ್ತೆ ಮಡಚಿಕೊಂಡು ಕೂರುತ್ತದೆ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಆ ಪಾಠವನ್ನು ತೋಳಿಗೆ ಹೇಳಿಕೊಟ್ಟಿದ್ದವರು ಎಂದೋ ಬೇರೆ ಊರಿಗೆ ಹೋದ ಹಳೆಯ ಮೇಷ್ಟ್ರು. ತೋಳಿಗೆ ಕಣ್ಣಿಲ್ಲ. ಆವತ್ತು ಯಾವ ಜಾಗಕ್ಕೆ ಹೋಗು ಎಂದು ಕಲಿಸಿದ್ದರೋ ಇವತ್ತೂ ಕೂದಲೆಳೆಯಷ್ಟು ಆಚೀಚೆ ಆಗದೆ ಅಲ್ಲಿಗೇ ಹೋಗುತ್ತದೆ.

ತಪಾಸಣೆಯ ಬೆಳಿಗ್ಗೆ ಕಿಡಿ ನೀರಿನ ಬಾಟಲಿಗಳ ತಟ್ಟೆ ಹಿಡಿದು ಗಾಜಿನ ಕೋಣೆಗೆ ಬಂದಳು. ಕೊನೆಯ ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿನಿಗೆ ವಿಭಾಗ ಕೊಟ್ಟ ಕೆಲಸ ಅದು, ನೀರು ಹಂಚುವುದು. ಒಳಗೆ ಕಾಲಿಟ್ಟವಳು ನಿಂತು ನೋಡಿದಳು. ಹಳೆಯ ಕಬ್ಬಿಣದ ಟೇಬಲ್ ಇರಲಿಲ್ಲ. ಅದರ ಜಾಗದಲ್ಲಿ ಮಿರಿಮಿರಿ ಮಿಂಚುವ ಹೊಸ ಟೇಬಲ್. ಕಣ್ಣಳತೆಯಲ್ಲೇ ಗೊತ್ತಾಯಿತು, ಹಳೆಯದಕ್ಕಿಂತ ಎರಡು ಬೆರಳು ಎತ್ತರ.

"ಸರ್, ಟೇಬಲ್ ಎತ್ತರ ಆಗಿದೆ. ತೋಳು ಹಳೇ ಎತ್ತರಕ್ಕೇ ಇಳಿಯುತ್ತೆ, ಟೇಬಲ್ಲಿಗೆ ಗುದ್ದುತ್ತೆ" ಎಂದಳು.

ಮೇಷ್ಟ್ರು ಟೇಬಲ್ಲನ್ನೊಮ್ಮೆ, ವಿಭಾಗದ ಮುಖ್ಯಸ್ಥರನ್ನೊಮ್ಮೆ ನೋಡಿದರು.

"ಆ ತುಕ್ಕು ಹಿಡಿದ ಟೇಬಲ್ ತೋರಿಸಿ ಮಾನ ಕಳ್ಕೊಳ್ಳೋದಾ?" ಎಂದರು ಮುಖ್ಯಸ್ಥರು. ಟೇಬಲ್ ತರಿಸಿದವರು ಅವರೇ. "ನಿಂಗೆ ಹೇಳಿದ ಕೆಲಸ ನೀನು ಮಾಡಮ್ಮ. ಬಾಟಲಿ ಸಾಲಾಗಿ ಇಡು."

ಕಿಡಿ ಹಲ್ಲು ಕಚ್ಚಿ, ತಟ್ಟೆ ಹಿಡಿದೇ ಬಾಗಿಲ ಪಕ್ಕ ಗೋಡೆಗೆ ಒರಗಿ ನಿಂತಳು. ಸಮಿತಿಯವರು ಬಂದರು. ಮುಸುಕು ತೆಗೆದಾಗ ಹಳದಿ ತೋಳು ಫಳಫಳ ಹೊಳೆಯಿತು. ಮೇಷ್ಟ್ರು ಹಸಿರು ಗುಂಡಿ ಒತ್ತಿದರು. ಅವರ ಕಿವಿಯ ಹಿಂದೆ ಬೆವರು ಇಳಿಯುತ್ತಿದ್ದದ್ದು ಕಿಡಿಗೆ ನಿಂತಲ್ಲಿಂದಲೇ ಕಂಡಿತು.

ಇನ್ನು ಅವಳ ಮನಸ್ಸಿನಲ್ಲಿದ್ದದ್ದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಗುದ್ದಲಿ, ಎಂದೇ ಅಂದುಕೊಂಡಳು. ಗುದ್ದಿ ಮುರಿಯಲಿ, ಹೊಸ ಟೇಬಲ್ ಎರಡು ಹೋಳಾಗಲಿ, ಇವರ ಮರ್ಯಾದೆ ಮೂರು ಕಾಸಿಗೆ ಹರಾಜಾಗಲಿ, ನಾನು ಇಲ್ಲೇ ನಿಂತು ನೋಡುತ್ತೇನೆ. ತೋಳು ಎದ್ದಿತು, ಮರದ ತುಂಡಿನ ಮೇಲೆ ಬಂದು ಇಳಿಯತೊಡಗಿತು. ಆಗ ಸಮಿತಿಯ ವಯಸ್ಸಾದ ಹೆಂಗಸೊಬ್ಬರು, ಚಂದ ಕಾಣಲಿ ಎಂದು ಬಾಗಿಲು ತೆರೆದೇ ಇಟ್ಟಿದ್ದ ಕೋಣೆಯೊಳಗೆ ಬಂದು, ಫೋಟೋ ತೆಗೆಯಲು ಫೋನ್ ಹಿಡಿದು ಟೇಬಲ್ಲಿನ ಮೇಲೆ ಬಗ್ಗಿದರು.

ಕಿಡಿಯ ಬೆನ್ನ ಹಿಂದೆಯೇ ಗೋಡೆಯಲ್ಲಿ ಕೆಂಪು ಗುಂಡಿ ಇತ್ತು, ಅಪಾಯವಾದರೆ ಎಲ್ಲವನ್ನೂ ನಿಲ್ಲಿಸುವ ಗುಂಡಿ. ಅವಳು ತಟ್ಟೆ ಬಿಟ್ಟು ಅಂಗೈಯಿಂದ ಅದನ್ನು ಗುದ್ದಿದಳು. ಬಾಟಲಿಗಳು ದಡಬಡ ಉರುಳಿದವು. ಕಟಕ್ ಎಂದು ಬ್ರೇಕು ಹಿಡಿದು ತೋಳು ಅಂತರದಲ್ಲೇ ನಿಂತುಬಿಟ್ಟಿತು, ಚಾಚಿದ ಕೈ ಚಾಚಿದ ಹಾಗೆಯೇ.

"ಕರೆಂಟ್ ತೊಂದರೆ" ಎಂದು ಮುಖ್ಯಸ್ಥರು ನಕ್ಕರು. ಸಮಿತಿಯವರೂ ನಕ್ಕು, ಏನೋ ಬರೆದುಕೊಂಡು ಮುಂದಿನ ಕೋಣೆಗೆ ನಡೆದರು.

ಅವರು ಹೋದ ಮೇಲೆ ಆದದ್ದು ರಂಪ. ಮುಖ್ಯಸ್ಥರು ಕೂಗಾಡಿದ್ದು ಕೆಳಗಿನ ಮಹಡಿಗೂ ಕೇಳಿಸಿತು.

"ಏನಾಗ್ತಿತ್ತು? ಹೇಳು, ಏನಾಗ್ತಿತ್ತು? ಏನೂ ಆಗ್ಲಿಲ್ವಲ್ಲ!"

"ನಾನು ನಿಲ್ಲಿಸಿದ್ದಕ್ಕೇ ಏನೂ ಆಗ್ಲಿಲ್ಲ ಸರ್! ಟೇಬಲ್ಲಿಗೆ ಗುದ್ದಿ ಮರದ ತುಂಡು ಆ ಮೇಡಂ ಮುಖಕ್ಕೆ ಸಿಡೀತಿತ್ತು!"

"ಸಿಡೀತಿತ್ತಂತೆ! ಪ್ರಾಜೆಕ್ಟಿಗೆ ಲ್ಯಾಬ್ ಕೊಡ್ಲಿಲ್ಲ ಅಂತ ಸೇಡು ತೀರಿಸ್ಕೊಂಡಿದೀಯ. ಕ್ಷಮಾಪಣೆ ಬರ್ಕೊಡು. ಬೇಕಂತ್ಲೇ ಮಾಡ್ದೆ ಅಂತ ಬರಿ. ಇಲ್ಲಾಂದ್ರೆ ನಿನ್ನ ಪ್ರಾಜೆಕ್ಟ್ ತಗೊಳ್ಳಲ್ಲ."

ಕಿಡಿ ಮೇಷ್ಟ್ರ ಕಡೆ ತಿರುಗಿದಳು. "ಸರ್, ನೀವಾದ್ರೂ ಹೇಳಿ."

ಮೇಷ್ಟ್ರು ನೆಲದ ಮೇಲಿನ ಬಾಟಲಿಗಳನ್ನು ಆಯುತ್ತಿದ್ದರು. ಮುಖ್ಯಸ್ಥರ ಕೂಗಾಟ ಅವಳಿಗೆ ತಾಗಿರಲಿಲ್ಲ, ಇವರು ಬಗ್ಗಿ ಬಾಟಲಿ ಆಯ್ದದ್ದು ತಾಗಿತು. ಬಸ್ಸಿನಲ್ಲಿ ಮನೆಗೆ ಬರುವಾಗ ದಾರಿಯುದ್ದಕ್ಕೂ ಅತ್ತಳು, ಸಿಟ್ಟಿಗೆ ಬಂದ ಅಳು, ಕಣ್ಣೊರೆಸಿಕೊಂಡಷ್ಟೂ ಬರುವಂಥದ್ದು.

ಅಪ್ಪ ಬಸ್ ಓಡಿಸುವವನು. ಎಲ್ಲ ಕೇಳಿ, ಕೈ ತೊಳೆದುಕೊಂಡು ಬಂದು ಹೇಳಿದ: "ಬ್ರೇಕ್ ಹಾಕಿದವನಿಗೆ ಯಾರೂ ಶಾಲು ಹೊದಿಸಲ್ಲ ಮಗಳೇ. ಸೀಟಿಂದ ಮುಗ್ಗರಿಸಿದವರು ಬೈದು ಹೋಗ್ತಾರೆ ಅಷ್ಟೆ. ನಾನು ದಿನಾ ಬೈಸ್ಕೊಳ್ಳಲ್ವಾ?"

ಅಮ್ಮನ ಮಾತು ಬೇರೆ. "ಒಂದು ಹಾಳೆ ತಾನೇ? ಬರೆದು ಬಿಸಾಕು, ನಿಂದೇನು ಸವೆದುಹೋಗುತ್ತೆ? ಡಿಗ್ರಿ ಕೈಗೆ ಬರ್ಲಿ, ಆಮೇಲೆ ಅವರ ಮುಖ ಯಾರು ನೋಡ್ತಾರೆ."

"ಬೇಕಂತ್ಲೇ ಮಾಡ್ದೆ ಅಂತ ಬರೀಬೇಕಂತೆ ಅಮ್ಮ!"

"ದೊಡ್ಡವರ ಹತ್ರ ಹಟ ಮಾಡಿ ಗೆದ್ದವರು ಯಾರಿದಾರೆ? ನಿನ್ನ ಈ ಮೂಗಿನ ತುದಿ ಸಿಟ್ಟು ಎಲ್ಲಿಂದ ಬಂತೋ."

"ನಿನ್ನಿಂದ್ಲೇ" ಎಂದು ಅಪ್ಪ ಮೆಲ್ಲಗೆ ಹೇಳಿ ಒಳಗೆ ಹೋದ.

ಕಿಡಿ ಬರೆಯಲಿಲ್ಲ. ವಾರ ಕಳೆಯಿತು. ಒಂದು ಮಧ್ಯಾಹ್ನ ಮೇಷ್ಟ್ರು ಅಮ್ಮನಿಗೆ ಫೋನ್ ಮಾಡಿದರು. ಅಮ್ಮ ಹೂಂ ಸಾರ್, ಆಗಲಿ ಸಾರ್ ಎಂದು ತಲೆಯಾಡಿಸಿ, ಫೋನಿಟ್ಟು ಟೇಪು ಹುಡುಕಿದಳು.

"ಏನಂತೆ?"

"ನಿಮ್ಮ ಅಳಿಯನಿಗೆ ಹೊಸ ಗವಸು ಬೇಕಂತೆ. ಹಳೇದು ಹಿಡಿಸ್ತಿಲ್ವಂತೆ, ಧೂಳು ಬೀಳ್ತಿದೆಯಂತೆ. ಬಂದು ಅಳತೆ ತಗೊಳ್ಳಿ ಅಂದ್ರು."

ಕಿಡಿಗೆ ಅರ್ಥವಾಗಲು ಅರೆಗಳಿಗೆ ಬೇಕಾಯಿತು. ಆಮೇಲೆ ಅವಳು ಅರಚಿದ ರಭಸಕ್ಕೆ ಪಕ್ಕದ ಮನೆಯವರು ಕಿಟಕಿಗೆ ಬಂದರು. ಕೆಂಪು ಗುಂಡಿ ಒತ್ತಿದ ದಿನದಿಂದ ತೋಳು ಚಾಚಿದ ಕೈ ಚಾಚಿಕೊಂಡೇ ನಿಂತಿದೆ. ಅದನ್ನು ಮಡಚಿ ಕೂರಿಸುವ ಬದಲು, ನಿಂತ ಭಂಗಿಗೇ ಹೊಸ ಮುಸುಕು ಹೊಲಿಸುತ್ತಿದ್ದಾರೆ! ಕುತ್ತಿಗೆ ಉಳುಕಿದವನಿಗೆ ಓರೆ ಅಂಗಿ ಹೊಲಿಸಿದ ಹಾಗೆ!

"ನೀನು ಹೋಗ್ಬೇಡ ಅಮ್ಮ. ಹೋದ್ರೆ ನನ್ನ ಮಾತಾಡಿಸ್ಬೇಡ."

"ಒಪ್ಕೊಂಡಾಗಿದೆ. ಮೇಷ್ಟ್ರಿಗೆ ಮಾತು ಕೊಟ್ಟು ತಪ್ಪೋದು ಹೇಗೆ?" ಎಂದು ಅಮ್ಮ ಚೀಲ ಹೆಗಲಿಗೇರಿಸಿದಳು. "ಬರೋದಾದ್ರೆ ಬಾ, ದಿಂಬು ಹಿಡ್ಕೋ."

ಕಿಡಿ ಹೋದಳು. ದಿಂಬು ಹಿಡಿಯಲಿಕ್ಕಲ್ಲ. ತನ್ನ ಯಂತ್ರದ ಬೆರಳನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡೇ ಹೋದಳು.

ಗಾಜಿನ ಕೋಣೆಯಲ್ಲಿ ಮೇಷ್ಟ್ರು ಒಬ್ಬರೇ ಇದ್ದರು. ಕಿಡಿಯನ್ನು ಕಂಡು ಮುಖ ಸಣ್ಣದು ಮಾಡಿಕೊಂಡರು. ಹಳೆಯ ಮುಸುಕು ಕುರ್ಚಿಯ ಮೇಲೆ ಮುದ್ದೆಯಾಗಿ ಬಿದ್ದಿತ್ತು. ಅಮ್ಮ ಟೇಪು ಬಿಚ್ಚಿ ತೋಳಿನ ಸುತ್ತ ಒಂದು ಸುತ್ತು ಬಂದಳು, ಇನ್ನೊಂದು ಸುತ್ತು ಬಂದಳು.

"ಇದೇನ್ ಸಾರ್ ಹೀಗೆ ನಿಂತಿದೆ, ಬಸ್ಸಿಗೆ ಕೈ ಅಡ್ಡ ಹಾಕಿದ ಹಾಗೆ? ಈ ಭಂಗಿಗೆ ಹೊಲಿದ್ರೆ ಎರಡರಷ್ಟು ಬಟ್ಟೆ ಬೇಕು. ಮಡಚಿದ ದಿನ ಜೋತಾಡುತ್ತೆ."

"ಮಡಚಲ್ಲಮ್ಮ. ಹೀಗೇ ಇರುತ್ತೆ."

"ಯಾಕೆ? ಆಗ ಮಡಚಿತ್ತಲ್ಲ."

"ಮಡಚೋದು... ಅದು ಬರಲ್ಲ ಈಗ."

"ಯಾರಿಗೆ ಬರಲ್ಲ? ಅದಕ್ಕಾ?"

ಮೇಷ್ಟ್ರ ಕೈ ಸೊಂಟದ ಗೊಂಚಲಿನ ಮೇಲೆ ಹೋಯಿತು. ಅಮ್ಮ ಬಿಡುವವಳಲ್ಲ. ಬಟ್ಟೆ ತೆಗೆದುಕೊಂಡು ಹೋದವರು ಅಳತೆ ಸರಿಯಿಲ್ಲ ಎಂದು ಬಂದಾಗ ನೋಡುವ ಹಾಗೆ ಕನ್ನಡಕದ ಮೇಲಿಂದ ನೋಡಿದಳು.

"ನನಗೆ" ಎಂದರು ಮೇಷ್ಟ್ರು. ಒಮ್ಮೆ ಹೇಳಿದ ಮೇಲೆ ಉಳಿದದ್ದೂ ಹೊರಬಂತು. "ನನಗೆ ಬರಲ್ಲಮ್ಮ. ಹಸಿರು ಗುಂಡಿ ಒತ್ತೋದಷ್ಟೇ ಗೊತ್ತು. ಹಳೇ ಮೇಷ್ಟ್ರು ಹೋಗುವಾಗ ಕೀ ಕೊಟ್ಟು ಹೋದ್ರು, ಕೆಲಸ ಹೇಳಿಕೊಟ್ಟು ಹೋಗ್ಲಿಲ್ಲ. ಬರಲ್ಲ ಅಂತ ಹೇಳೋಕೆ ನಾಚಿಕೆ. ಮುಟ್ಟಿ ಕೆಟ್ಟುಹೋದ್ರೆ ಅನ್ನೋ ಭಯ. ಹಾಗೇ ವರ್ಷ ಕಳೀತು."

ಕಿಡಿಯ ತಲೆಯೊಳಗೆ ಏನೋ ಧಗ್ ಎಂದಿತು. ನಾಲ್ಕು ವರ್ಷ! ಹೊಣೆ, ಸುರಕ್ಷತೆ, ನಿಯಮ ಎಂದು ಏನೇನೋ ಅಂದುಕೊಂಡಿದ್ದಳು. ಇಷ್ಟೇನಾ?

"ಕೀ ಕೊಡಿ ಸರ್."

"ನೋಡೋ—"

"ನೋಡೋಣ ಅಂದ್ರೆ ನೋಡಿ! ಕೀ ಕೊಡಿ. ನಾಲ್ಕು ವರ್ಷದಿಂದ ಇದರ ಪುಸ್ತಕ ಓದ್ತಿದೀನಿ, ಒಂದೊಂದು ಪುಟ ಬಾಯಿಪಾಠ ಇದೆ ನನಗೆ. ನೀವು ಕೊಡಲ್ಲ ಅಂದ್ರೆ ನಾನು ಇಲ್ಲಿಂದ ಏಳಲ್ಲ" ಎಂದು ಅವಳು ಪೀಠದ ಪಕ್ಕ ನೆಲದ ಮೇಲೆ ಕೂತೇಬಿಟ್ಟಳು.

ಮೇಷ್ಟ್ರು ಅಮ್ಮನನ್ನು ನೋಡಿದರು. ಅಮ್ಮ ಟೇಪು ಸುತ್ತಿಕೊಳ್ಳುತ್ತಿದ್ದಳು. "ನನ್ನ ಮಗಳು ಸಾರ್, ಎದ್ದೇಳಿಸೋದು ನನ್ನಿಂದ್ಲೂ ಆಗಲ್ಲ" ಎಂದಳು.

ಕೀ ಬಂತು. ಬೀರುವಿನಿಂದ ರಿಮೋಟ್ ಬಂತು. ಪುಸ್ತಕದಲ್ಲಿ ಅದಕ್ಕೆ ದೊಡ್ಡ ಹೆಸರಿದೆ, ತೋಳನ್ನು ಕೈಯಿಂದ ಒಂದೊಂದು ಕೀಲಾಗಿ ಆಡಿಸುವ ದಪ್ಪ ಪೆಟ್ಟಿಗೆ ಅದು. ಅದರ ಮೇಲೆ ಅಂಗಡಿಯ ಪ್ಲಾಸ್ಟಿಕ್ ಹಾಳೆ ಇನ್ನೂ ಹಾಗೇ ಅಂಟಿತ್ತು. ಕಿಡಿ ಅದನ್ನು ಪರಪರ ಸುಲಿದು ಬಿಸಾಡಿದಳು. ಕೆಂಪು ಗುಂಡಿಯನ್ನು ತಿರುಗಿಸಿ ಬಿಡಿಸಿದಳು, ಕೀ ತಿರುಗಿಸಿದಳು, ವೇಗವನ್ನು ತೀರಾ ಕಡಿಮೆಗೆ ಇಳಿಸಿದಳು. ಮೊದಲ ಗುಂಡಿ ಒತ್ತಿದ್ದೇ ತಪ್ಪು. ತೋಳು ಮೇಲೇಳುವ ಬದಲು ಕೆಳಕ್ಕೆ ಜಗ್ಗಿತು, ಮೇಷ್ಟ್ರು ಅಯ್ಯಯ್ಯೋ ಎಂದರು, ಅವಳು ಕೈ ಬಿಟ್ಟಳು. ಬಾಯಿಪಾಠ ಬೇರೆ, ಹೆಬ್ಬೆರಳು ಬೇರೆ ಎಂದು ಆಗ ಗೊತ್ತಾಯಿತು. ಉಸಿರೆಳೆದುಕೊಂಡು ಪಕ್ಕದ ಗುಂಡಿ ಒತ್ತಿದಳು. ಹಳದಿ ತೋಳು ಗುರ್ ಎನ್ನುತ್ತಾ ಮೆಲ್ಲಗೆ, ತೀರಾ ಮೆಲ್ಲಗೆ ಎದ್ದಿತು. ಮಣಿಕಟ್ಟು, ಮೊಣಕೈ, ಭುಜ, ಒಂದೊಂದಾಗಿ ತಿರುಗಿಸಿ ಅದನ್ನು ಮಡಚಿ ಕೂರಿಸಿದಳು. ಆಮೇಲೆ ಹೋಗಿ ಅದರ ಭುಜದ ಮೇಲೆ ಕೈಯಿಟ್ಟಳು. ಲೋಹ ಬೆಚ್ಚಗಿತ್ತು.

ಅಷ್ಟಕ್ಕೆ ಸಿಟ್ಟು ಇಳಿಯಲಿಲ್ಲ. ಅಮ್ಮನ ದಿಂಬಿನಿಂದ ಸೂಜಿಗಳನ್ನೆಲ್ಲ ಕಿತ್ತು, ಹೊಸ ಟೇಬಲ್ಲಿನ ಮೇಲೆ ಮರದ ತುಂಡು ಇಡುವ ಜಾಗದಲ್ಲಿ ಬರೀ ದಿಂಬನ್ನು ಇಟ್ಟಳು. "ನೋಡಿ ಸರ್" ಎಂದು ಹಳೆಯ ಪಾಠವನ್ನೇ ಇರುವೆಯ ವೇಗದಲ್ಲಿ ಓಡಿಸಿದಳು. ತೋಳು ಬಂತು, ಇಳಿಯಿತು, ಇನ್ನೂ ಇಳಿಯಿತು, ದಿಂಬನ್ನು ಒತ್ತಿ ಒತ್ತಿ ಕಾಗದದಷ್ಟು ತೆಳ್ಳಗೆ ಮಾಡಿತು. ಟೇಬಲ್ಲಿನ ಕಾಲು ಕಿರ್ ಎಂದಾಗ ಕೈ ಬಿಟ್ಟಳು.

"ಅಯ್ಯೋ ನನ್ನ ದಿಂಬು!" ಎಂದಳು ಅಮ್ಮ.

"ಅವತ್ತು ಇದರ ಪಕ್ಕದಲ್ಲೇ ಆ ಮೇಡಂ ತಲೆ ಇತ್ತು" ಎಂದಳು ಕಿಡಿ.

"ಗೊತ್ತು" ಎಂದರು ಮೇಷ್ಟ್ರು. "ಅವತ್ತು ಬೆಳಿಗ್ಗೆ ನೀನು ಹೇಳಿದಾಗ್ಲೇ ಗೊತ್ತಾಯ್ತು."

"ಗೊತ್ತಿದ್ದೂ ಬಾಯಿ ಬಿಡ್ಲಿಲ್ವಾ?"

"ಬಿಟ್ಟಿದ್ರೆ ಎತ್ತರ ಸರಿಮಾಡು ಅಂತಿದ್ರು. ಸರಿಮಾಡೋಕೆ ಬರಲ್ಲ ಅನ್ಬೇಕಾಗ್ತಿತ್ತು."

ಸಿಡಿದದ್ದು ಕಿಡಿಯಲ್ಲ, ಅಮ್ಮ. "ನಿಮ್ಮ ನಾಚಿಕೆ ಮುಚ್ಕೊಳ್ಳೋಕೆ ನನ್ನ ಮಗಳ ಕೈಲಿ ತಪ್ಪು ಮಾಡ್ದೆ ಅಂತ ಬರೆಸೋದಾ? ಮನೇಲಿ ಕೂತು ಬರೆದುಬಿಡು ಅಂತ ನಾನೇ ಹೇಳ್ದೆ ಸಾರ್! ನಿಮ್ಮನ್ನ ದೊಡ್ಡವರು ಅನ್ಕೊಂಡು ನನ್ನ ಮಗಳಿಗೇ ಬೈದೆ!" ಕುರ್ಚಿಯ ಮೇಲಿದ್ದ ಮುಸುಕನ್ನು ಎಳೆದುಕೊಂಡಳು. "ಇದನ್ನ ಧೂಳು ಬೀಳ್ದೆ ಇರ್ಲಿ ಅಂತ ಹೊಲಿದುಕೊಟ್ಟೆ. ಮಕ್ಕಳು ಮುಟ್ಟದೆ ಇರ್ಲಿ ಅಂತ ಅಲ್ಲ."

ಚೀಲದಿಂದ ದೊಡ್ಡ ಕತ್ತರಿ ತೆಗೆದಳು. ಮೇಷ್ಟ್ರು ಎರಡು ಹೆಜ್ಜೆ ಹಿಂದೆ ಸರಿದರು. ಅಮ್ಮ ನೆಲದ ಮೇಲೆ ಕೂತು, ತಾನೇ ಹಾಕಿದ ಹೊಲಿಗೆಯನ್ನು ಕರಕರ ಕತ್ತರಿಸಿ, ಬೂದುನೀಲಿ ಬಟ್ಟೆಯನ್ನು ಅಂಗೈಯಗಲದ ಚೌಕಗಳಾಗಿ ಮಾಡಿ, ಒಂದರ ಮೇಲೊಂದು ಪೇರಿಸಿ ಟೇಬಲ್ಲಿನ ಮೇಲೆ ಇಟ್ಟಳು.

"ಹೂಂ, ನಿನ್ನ ಬೆರಳು ತಗಿ" ಎಂದಳು ಮಗಳಿಗೆ.

ಬೆರಳನ್ನು ತೋಳಿಗೆ ಸಿಕ್ಕಿಸಿದ್ದಾಯಿತು. ತೋಳು ಇಳಿಯಿತು, ಉರುಳೆ ತಿರುಗಿತು, ಅಂಚು ಸುರುಳಿಯಾಯಿತು, ಎದ್ದಿತು. ಬಂದದ್ದು ಎರಡು ಪದರ. ಪರದೆಯ ಮೇಲೆ ಒಮ್ಮೆಯೂ ತಪ್ಪದ್ದು ಇಲ್ಲಿ ಮೊದಲ ಸಲಕ್ಕೇ ತಪ್ಪಿತು. ಮತ್ತೆ ಇಳಿಸಿದಳು, ಮೂರು ಬಂದವು. ಇನ್ನೊಮ್ಮೆ ಇಳಿಸಿದಳು, ಒಂದೂ ಬರಲಿಲ್ಲ. ಕಿಡಿ ಬಾಯಿಗೆ ಬಂದದ್ದನ್ನು ಬಯ್ಯುತ್ತಾ ಸ್ಕ್ರೂ ಬಿಗಿ ಮಾಡಿದಳು, ಸಡಿಲ ಮಾಡಿದಳು. ಪ್ರತಿ ಸಲವೂ ಅಮ್ಮ ಬೆರಳು ಒದ್ದೆ ಮಾಡಿ ಪದರ ಬಿಡಿಸಿ ಅಟ್ಟಿ ಸರಿಮಾಡಿದಳು.

"ಮುಖ್ಯಸ್ಥರಿಗೆ ಎಲ್ಲಾ ಹೇಳ್ತೀನಿ" ಎಂದರು ಮೇಷ್ಟ್ರು ಬಾಗಿಲ ಬಳಿಯಿಂದ.

ಕಿಡಿ ತಿರುಗಿ ನೋಡಲಿಲ್ಲ. "ಹೇಳ್ಬೇಡಿ ಸರ್, ಕರ್ಕೊಂಡು ಬನ್ನಿ."

ಅವರು ಹೋದರು. ಕೀಗೊಂಚಲು ಯಂತ್ರದ ಪೆಟ್ಟಿಗೆಯಲ್ಲೇ ನೇತಾಡುತ್ತಿತ್ತು. ಕಿಡಿ ಫೋನ್ ಅಮ್ಮನ ಕೈಗೆ ಕೊಟ್ಟು, "ಇಲ್ಲಿ ಒತ್ತಿ ಹಿಡ್ಕೋ, ಅಲ್ಲಾಡಿಸ್ಬೇಡ" ಎಂದಳು.

ಆ ವಿಡಿಯೋ ಕಂಪನಿಗೆ ಹೋಯಿತು. ಕತ್ತರಿಸಿ ಚೊಕ್ಕ ಮಾಡಿ ಕಳಿಸು ಎಂದು ಗೆಳತಿಯರು ಹೇಳಿದರೂ ಕಿಡಿ ಹಾಗೆಯೇ ಕಳಿಸಿದಳು. ಅದರಲ್ಲಿ ತೋಳು ಅರ್ಧ ಹೊತ್ತು ಓರೆಯಾಗಿ ಕಾಣುತ್ತದೆ, ಏಕೆಂದರೆ ಅಮ್ಮ ಫೋನನ್ನು ಸೊಟ್ಟಗೆ ಹಿಡಿದಿದ್ದಳು. ಯಂತ್ರದ ಬೆರಳು ಬೂದುನೀಲಿ ಅಟ್ಟಿಯ ಮೇಲೆ ಇಳಿಯುತ್ತದೆ. ಪಡಸಾಲೆಯಲ್ಲಿ ಬಿರುಸಾದ ಹೆಜ್ಜೆಗಳು ಕೇಳುತ್ತವೆ. "ಯಾರ್ರೀ ಅವಳನ್ನ ಒಳಗೆ ಬಿಟ್ಟಿದ್ದು?" ಎಂದು ಮುಖ್ಯಸ್ಥರ ಕೂಗು ಕೇಳುತ್ತದೆ. ಉರುಳೆ ತಿರುಗುತ್ತದೆ. ಆಮೇಲೆ ಮೇಷ್ಟ್ರ ದನಿ, ಸಣ್ಣದು, ಆದರೆ ಸ್ಪಷ್ಟ.

"ನಾನೇ ಸರ್. ಅವಳು ಅವತ್ತು ನಿಲ್ಸಿದ್ದು ಸರಿ. ಒಳಗೆ ಬಂದು ನೋಡಿ."

ಅಷ್ಟರಲ್ಲಿ ಚಿತ್ರ ಗಡಗಡ ಅಲ್ಲಾಡುತ್ತದೆ, ಸೂರು ಕಾಣುತ್ತದೆ, ಅಮ್ಮನ ಸೆರಗು ಕಾಣುತ್ತದೆ, ಮತ್ತೆ ಬೆರಳು ಕಾಣುತ್ತದೆ. ಅಮ್ಮ ಕಿವಿ ಗುಂಯ್‌ಗುಡುವ ಹಾಗೆ ಕೂಗುತ್ತಾಳೆ: "ಬಂತು! ಒಂದೇ ಬಂತು ಕಣೇ!"